ಒಡೆಯದ ಕಾಯಿ

ತೆಲಂಗಾಣದ ಗಡಿಯಲ್ಲಿ, ಝರಾಸಂಗಂ ಕಡೆಯ ಆ ಹಳ್ಳಿಯಲ್ಲಿ ಊರ ಸಭೆ ಮೊದಲು ಸೋಮವಾರ ಕೂಡುತ್ತಿತ್ತು. ಈಗ ಶುಕ್ರವಾರ. ದೇವರೇನೂ ವಾರ ಬದಲಿಸಿಲ್ಲ. ಸೌದಿಯ ದಮ್ಮಾಮಿನಲ್ಲಿ ದುಡಿಯುವ ಊರ ಹುಡುಗರಿಗೆ ಅಂದು ರಜೆ, ಅಷ್ಟೇ. ಹಣಮಂದೇವರ ಗುಡಿಗೆ ಮಂಟಪ ಕಟ್ಟಿಸಿದವರು ಅವರು. ಪಂಚಾಯ್ತಿಗೆ ಸರಪಂಚರನ್ನು ಆರಿಸುವಾಗಲೂ ಅವರು ಫೋನಿನಲ್ಲಿ ಕಾಣಿಸಿಕೊಂಡು 'ಆತು' ಅನ್ನಬೇಕೆಂದು ಪಟೇಲ ರೇವಪ್ಪನೇ ಪದ್ಧತಿ ಹಾಕಿದ್ದ. ಕಡಲಾಚೆಗೂ ತನ್ನ ಮಾತು ನಡೆಯುತ್ತದೆಂದು ಅವನಿಗೆ ಎಲ್ಲಿಲ್ಲದ ಹೆಮ್ಮೆ. ಗುಡಿಯ ಕಟ್ಟೆಯ ಮೇಲೆ ಒಬ್ಬರ ಹೆಸರಿನಲ್ಲಿ ಕಾಯಿ ಒಡೆದರೆ ಮುಗಿಯಿತು, ಮತ್ತೆ ಯಾರೂ ಚುನಾವಣೆಗೆ ನಿಲ್ಲುತ್ತಿರಲಿಲ್ಲ.

ಈ ಸಲ ಜಾಗ ದಲಿತ ಮಹಿಳೆಗೆ ಮೀಸಲಾಯಿತು. ರೇವಪ್ಪ ತನ್ನ ಕೊಟ್ಟಿಗೆಯಲ್ಲಿ ದುಡಿಯುವ ಮಾಳಮ್ಮನ ಹೆಸರು ಹಿಡಿದ. ಮಾಳಮ್ಮನನ್ನು ಕೇಳುವ ಗೋಜಿಗೆ ಹೋಗಲಿಲ್ಲ.

ನಿಲ್ಲಬೇಕೆಂದು ಹಟ ತೊಟ್ಟವಳು ಮಾಳಮ್ಮನ ಕೇರಿಯವಳೇ ಆದ ಧಮ್ಮಶೀಲಾ. ಗಂಡ ಜೈಪಾಲ ದಮ್ಮಾಮಿಗೆ ಹೋದಮೇಲೆ ಬ್ಯಾಂಕು, ಮಂಡಲ ಕಚೇರಿ, ಕೆಟ್ಟ ಬೋರ್‌ವೆಲ್ಲು ಎಲ್ಲ ಆಕೆಯ ಪಾಲಿಗೆ ಬಂದಿದ್ದವು. ಗಂಡಸರು ವಿಮಾನ ಹತ್ತಿದ ಮನೆಗಳ ಹೆಂಗಸರು ಆಕೆಯ ಬೆನ್ನಿಗೇ ಕಚೇರಿ ಮೆಟ್ಟಿಲು ಹತ್ತುವುದನ್ನು ಕಲಿತರು. ಸಾಹೇಬರು 'ನಾಳೆ ಬಾ' ಎಂದರೆ ಅಲ್ಲೇ ರೊಟ್ಟಿ ಬುತ್ತಿ ಬಿಚ್ಚಿ ಕೂರುವ ಗಟ್ಟಿಗಿತ್ತಿ ಆಕೆ.

ಹೋದ ವರ್ಷ ಒಂದು ಮಧ್ಯಾಹ್ನ ರೇವಪ್ಪನ ಹೆಂಡತಿ ಗುರುಲಿಂಗಮ್ಮ ಸೆರಗು ಹೊದ್ದು ಆಕೆಯ ಮನೆ ಬಾಗಿಲಿಗೆ ಬಂದಿದ್ದಳು. ದಮ್ಮಾಮಿನಲ್ಲಿ ಮಗ ಗುರುಬಸವನ ಪಾಸ್‌ಪೋರ್ಟನ್ನು ಮಾಲೀಕ ಕಿತ್ತಿಟ್ಟುಕೊಂಡಿದ್ದ. ರೇವಪ್ಪ ಮಾನ ಹೋಗುತ್ತದೆಂದು ಬಾಯಿ ಮುಚ್ಚಿ ಕೂತಿದ್ದ. ಧಮ್ಮಶೀಲಾ ಹೈದರಾಬಾದಿನ ಕಚೇರಿಗಳಿಗೆ ಅಲೆದಳು, ಜೈಪಾಲ ರಿಯಾದಿನ ರಾಯಭಾರ ಕಚೇರಿಗೆ ಅಲೆದ. ಕೊನೆಗೆ ಗುರುಬಸವ ಬಿಡಿಸಿಕೊಂಡು ಬಂದು ಜೈಪಾಲನ ಕೋಣೆಯಲ್ಲೇ ಉಳಿದ. ಆಕೆ ಇದನ್ನು ಊರಲ್ಲಿ ಯಾರಿಗೂ ಹೇಳಿರಲಿಲ್ಲ.

ಆ ಶುಕ್ರವಾರ ಕಟ್ಟೆಯ ಮೇಲೆ ಫೋನು ನಿಲ್ಲಿಸಿ ಸ್ಪೀಕರು ಜೋಡಿಸಿದರು. ರೇವಪ್ಪ ಕಾಯಿ ಹಿಡಿದು ನಿಂತ. ಅದು ಒಡೆದರೆ ಇನ್ನೈದು ವರ್ಷ ಪಂಚಾಯ್ತಿ ಅವನ ಕೊಟ್ಟಿಗೆಯಲ್ಲೇ. ಧಮ್ಮಶೀಲಾ ಎದ್ದಳು.

"ಪಟೇಲ್ರೆ, ನಾನೂ ನಿಂದ್ರತೀನ್ರಿ."

"ಇದೇನ್ ಹೊಸಾದು ತೆಗದಿ?" ರೇವಪ್ಪ ನಕ್ಕು ಫೋನಿನ ಕಡೆ ತಿರುಗಿದ. "ಏನ್ರೆಪಾ, ಮಾಳಮ್ಮನ ಹೆಸರು ಆತಲ್ಲ?"

ಫೋನಿನ ಪರದೆಯಲ್ಲಿ, ಒಂದೇ ಮಂಚದ ಮೇಲೆ ಹುಡುಗರು ಒತ್ತಿಕೊಂಡು ಕೂತಿದ್ದರು. ಗುರುಬಸವನ ಕೈ ಜೈಪಾಲನ ಹೆಗಲ ಮೇಲೆ. ಇಬ್ಬರ ನಡುವೆ ಒಂದೇ ಅನ್ನದ ತಾಟು. ಊರಲ್ಲಿ ಜೈಪಾಲ ಪಟೇಲರ ಮನೆಯ ಹೊಸ್ತಿಲು ದಾಟಿದವನಲ್ಲ. ಕಟ್ಟೆಯ ಮೇಲಿನ ಹಿರಿಯರು ಕಣ್ಣು ಕಿರಿದು ಮಾಡಿ ನೋಡಿದರು.

"ಆಗಿಲ್ಲಪ್ಪಾ," ಎಂದ ಗುರುಬಸವ. "ನಾ ಇಲ್ಲಿ ಸಿಕ್ಕೊಂಡಾಗ ನೀ ಮುಚ್ಚಿಟ್ಟಿ. ಬಿಡಿಸಿದಾಕಿ ಧಮ್ಮಶೀಲಕ್ಕ. ನಮಗ ಆಕಿನೇ ಬೇಕು."

"ಆಕಿನೇ, ಆಕಿನೇ," ಎಂದು ಉಳಿದವರೂ ಕೂಗಿದರು. ಸ್ಪೀಕರಿನ ಪುಣ್ಯ, ಊರೆಲ್ಲ ಕೇಳಿತು.

ರೇವಪ್ಪ ಫೋನನ್ನು ಬೋರಲು ಹಾಕಿದ. "ಅಲ್ಲಿ ಕುಂತವರಿಗಿ ಇಲ್ಲಿ ಓಟಿಲ್ಲ. ಓಟಿಲ್ಲದವರ ಮಾತು ಯಾಕ?"

ಮಂಟಪಕ್ಕೆ ಅವರ ದುಡ್ಡು ಈಸಿಕೊಳ್ಳುವಾಗ ಈ ಮಾತು ಅವನಿಗೆ ನೆನಪಾಗಿರಲಿಲ್ಲ. ಆದರೆ ಮಾತು ಸುಳ್ಳಲ್ಲ. ರೇವಪ್ಪ ಕಾಯಿ ಎತ್ತಿದ.

ಹೆಂಗಸರ ನಡುವಿನಿಂದ ಗುರುಲಿಂಗಮ್ಮ ಎದ್ದಳು. ನಾಲ್ಕು ಜನರ ಮುಂದೆ ಗಂಡನಿಗೆ ಎದುರಾಡಿದವಳಲ್ಲ. ಕಟ್ಟೆ ಹತ್ತಿ, ಎತ್ತಿದ ಕೈಯಿಂದಲೇ ಕಾಯಿ ಕಿತ್ತುಕೊಂಡಳು.

"ಅವರಿಗಿ ಓಟಿಲ್ರಿ. ನನಗದ," ಎಂದು ಕೆಳಗೆ ತಿರುಗಿದಳು. "ನಿಮಗೂ ಅದ ಇಲ್ಲೇನವಾ?"

ಮೊದಲು ಎದ್ದವಳು ಮಾಳಮ್ಮ. "ನನಗ ದನಾನೇ ಸಾಕಾಗ್ಯಾವ. ಆಕಿನೇ ನಿಂದ್ರಲಿ," ಎಂದಳು. ಆಮೇಲೆ ದಮ್ಮಾಮಿನವರ ತಾಯಂದಿರು, ಹೆಂಡಂದಿರು ಒಬ್ಬೊಬ್ಬರಾಗಿ ಎದ್ದರು. ಅಂಗಳದಲ್ಲಿ ಕೂತಿದ್ದ ಓಟುದಾರರಲ್ಲಿ ಮುಕ್ಕಾಲು ಪಾಲು ಅವರೇ ಎಂಬುದು ರೇವಪ್ಪನ ಲೆಕ್ಕಕ್ಕೆ ಅಂದೇ ಬಂದದ್ದು. ಬೋರಲು ಬಿದ್ದ ಫೋನು "ಏನಾತು? ಏನಾತ್ರಿ?" ಎಂದು ಒಂದೇ ಸಮನೆ ಒದರುತ್ತಿತ್ತು.

ಗುರುಲಿಂಗಮ್ಮ ಇಳಿದು ಬಂದು ಕಾಯಿಯನ್ನು ಧಮ್ಮಶೀಲಾಳ ಕೈಗಿಟ್ಟಳು.

"ಇಟ್ಕೋ. ನೀ ಆರಿಸಿ ಬಂದ ದಿನ ತೊಗೊಂಡು ಬಾ, ಚಟ್ನಿ ಅರಿತೀನಿ. ನಮ್ಮ ಮನಿ ಒಳಗ ಬಂದು, ನನ್ನ ಬಾಜೂಕ ಕುಂತು ಉಣ್ಣು."

ಧಮ್ಮಶೀಲಾ ಅಳುತ್ತ, ನಗುತ್ತ ಕಾಯಿಯನ್ನು ಸೆರಗಿಗೆ ಕಟ್ಟಿಕೊಂಡಳು.