ಕೆಂಪು ಚಕ್ಕೆಯ ನೀರು

ಮೊಮ್ಮಗಳು ಇಂಗ್ಲಿಷ್ ನಿಘಂಟು ಹಿಡಿದು ಬಂದು, ‘ರೆಡ್‌ವುಡ್ ಅಂದ್ರೆ ಯಾವ ಮರ ಅಜ್ಜಿ?’ ಎಂದಳು. ಅಮೆರಿಕದ ಒಂದು ಮುಗಿಲೆತ್ತರದ ಮರವಂತೆ; ಲ್ಯಾಟಿನ್ನಿನಲ್ಲಿ ಸಿಕ್ವೋಯ ಸೆಂಪರ್‌ವೈರೆನ್ಸ್, ಎರಡನೆಯ ಪದಕ್ಕೆ ಸದಾ ಹಸಿರಾಗಿರುವುದು ಎಂದು ಅರ್ಥ. ಕೆಂಪು ಬಣ್ಣ ಬಿಡುವ ಬೇರೆ ಮರಗಳಿಗೂ ಇದೇ ಹೆಸರುಂಟು ಎಂದು ಅದರ ಕೆಳಗೇ ಬರೆದಿತ್ತು. ಕೆಂಪಗಿದ್ದದ್ದಕ್ಕೆಲ್ಲ ಒಂದೇ ಹೆಸರು ಕಟ್ಟಿ ಕೈತೊಳೆದುಕೊಳ್ಳುವ ಬುದ್ಧಿ ಇಂಗ್ಲಿಷಿನವರದು ಮಾತ್ರ ಎಂದುಕೊಳ್ಳಬೇಡಿ. ನಮ್ಮಪ್ಪನದೂ ಅದೇ ಆಗಿತ್ತು.

ಅರವತ್ತರ ದಶಕ. ನಾನು ಸಾಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತ, ಊಟಕ್ಕೆ ಕೂತಾಗಲೂ ಬಸಳೆಯ ಲ್ಯಾಟಿನ್ ಹೆಸರು ಹೇಳಿ ಎಲ್ಲರ ತಲೆ ತಿನ್ನುತ್ತಿದ್ದ ಕಾಲ. ಹೊಸನಗರದ ಮನೆಯಲ್ಲಿ ಅಮ್ಮನಿಗೆ ಸಕ್ಕರೆ ಕಾಯಿಲೆ. ಹೆಬ್ಬೆರಳಿನ ಹುಣ್ಣು ಮಾಯುತ್ತಿರಲಿಲ್ಲ. ಆ ಕಾಯಿಲೆಗೆ ನಮ್ಮ ಕಡೆ ಹೊನ್ನೆ ಮರದ ಚಕ್ಕೆ ನೆನೆಸಿದ ನೀರು ಕುಡಿಸುವುದು ರೂಢಿ. ಅಪ್ಪ ಸಂತೆಯಿಂದ ಚಕ್ಕೆ ತಂದರು. ನೀರು ದಾಸವಾಳದ ಹಾಗೆ ಕೆಂಪಾಯಿತು. ಕೆಂಪೇರಿದಷ್ಟೂ ಗುಣ ಜಾಸ್ತಿ ಎಂದು ಹಿಗ್ಗಿ, ತೀರ್ಥಹಳ್ಳಿಯ ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡಿದರು.

ರಜೆಗೆ ಬಂದವಳು ಲೋಟ ನೋಡಿದೆ. ಹೊನ್ನೆ ನೀರು ಕಂದು. ಬಿಸಿಲಿಗೆ ಹಿಡಿದರೆ ನೀಲಿ ಹೊಳೆಯುತ್ತದೆ. ಇದು ಬಟ್ಟೆಗೆ ಬಣ್ಣ ಹಾಕುವ ಪತಂಗದ ಮರದ ಚಕ್ಕೆ. ಅಮ್ಮನ ಬೆರಳು ಆಗಲೇ ಕಪ್ಪಾಗಿ, ವಾಸನೆ ಬರುತ್ತಿತ್ತು.

‘ಅಪ್ಪ, ಇದು ಟೆರೋಕಾರ್ಪಸ್ ಅಲ್ಲ, ಸಿಸಾಲ್ಪೀನಿಯ. ಹೊನ್ನೆ ಅಲ್ಲ, ಪತಂಗ. ಇವತ್ತೇ ಡಾಕ್ಟರ ಹತ್ರ ಹೋಗ್ಬೇಕು.’

‘ಔಷಧಿಗೆ ಅಡ್ಡಬಾಯಿ ಹಾಕ್ಬೇಡ. ಲ್ಯಾಟಿನ್ ಕಲ್ತಿದ್ದು ಇದಕ್ಕಾ?’

ಇಬ್ಬರ ದನಿಯೂ ಏರಿತು. ಕಡೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ಆಗ ಅಮ್ಮ ಮಂಚದಿಂದ ಮೆಲ್ಲಗೆ ಹೇಳಿದಳು: ‘ಹೊನ್ನೆ ಅಲ್ಲ ಅಂತ ನಂಗೆ ಮೊದಲ್ನೇ ದಿನಾನೇ ಗೊತ್ತಾಯ್ತು. ನಮ್ಮಮ್ಮ ಹೊನ್ನೆ ನೀರೇ ಕುಡೀತಿದ್ಲು.’

ಅಪ್ಪ ಮಂಚದ ಹತ್ತಿರ ಬಂದರು. ‘ಮತ್ತೆ ಎಂತಕ್ಕೆ ಕುಡ್ದೆ ಮಾರಾಯ್ತಿ?’

‘ಇದನ್ನ ಕುಡೀತಿದ್ರೆ ನೀವು ಆಸ್ಪತ್ರೆ ಅನ್ನಲ್ಲ ಅಂತ. ಅಲ್ಲಿ ಕಾಲು ಕೊಯ್ತಾರೆ. ನಂಗೆ ಹೆದ್ರಿಕೆ.’

ಅಪ್ಪ ಅವಳನ್ನು ಎತ್ತಿಕೊಂಡೇ ಬಸ್ಸಿಗೆ ನಡೆದರು. ಜೀವ ಉಳಿಯಿತು, ಪಾದ ಉಳಿಯಲಿಲ್ಲ. ಸ್ವಲ್ಪ ಮೊದಲೇ ಬಂದಿದ್ದರೆ ಬೆರಳಿಗೇ ಮುಗಿಯುತ್ತಿತ್ತು ಎಂದರು ಡಾಕ್ಟರು. ಅಮ್ಮನ ಮೇಲೆ ನನಗೆ ಬಂದ ಸಿಟ್ಟು ವರ್ಷಗಟ್ಟಲೆ ಇಳಿಯಲಿಲ್ಲ. ಇಷ್ಟು ಹೆದರುವುದುಂಟೇ ಎಂದು ಕಂಡಕಂಡವರ ಮುಂದೆ ಆಡಿದ್ದೇನೆ.

ಇಷ್ಟು ಹೇಳಿದವಳು ಇದನ್ನೂ ಹೇಳಿಬಿಡುತ್ತೇನೆ. ನನಗೂ ಈಗ ಸಕ್ಕರೆ ಕಾಯಿಲೆ. ಕೆಲವು ದಿನಗಳಿಂದ ಹಿಮ್ಮಡಿಯಲ್ಲೊಂದು ಹುಣ್ಣಿದೆ. ಚಳಿ ಎಂದು ಸುಳ್ಳು ಹೇಳಿ ಮನೆಯೊಳಗೂ ಕಾಲುಚೀಲ ಹಾಕಿಕೊಂಡೇ ಓಡಾಡುತ್ತಿದ್ದೆ. ಮೊಮ್ಮಗಳು ನಿಘಂಟು ಹಿಡಿದು ಬಂದಾಗ ಮಗಳು ಅಡುಗೆಮನೆಯಲ್ಲಿದ್ದಳು. ಕಾಲುಚೀಲ ಬಿಚ್ಚಿ ಅವಳನ್ನು ಕೂಗಿದೆ.