ಹತ್ತಿ ತುರುಕಿದ ಕಿಟಕಿ

ಹೊಸದಾಗಿ ಬಣ್ಣ ಬಳಿದ ಹಳೆಯ ಕಿಟಕಿಯನ್ನು ನಾನು ನಂಬುವುದಿಲ್ಲ. ಬೈಲಹೊಂಗಲದಲ್ಲಿ ಕೆಡವಿದ ಮನೆಗಳ ಬಾಗಿಲು, ಕಿಟಕಿ ಕೊಂಡು ಮಾರಿಯೇ ನಾನು ಸ್ವಂತ ಮನೆ ಕಟ್ಟಿದ್ದು. ಮಾರುವವನು ಯಾವ ಮೂಲೆಗೆ ಹೆಚ್ಚು ಬಣ್ಣ ಬಳಿದಿರುತ್ತಾನೋ ಅಲ್ಲೇ ಮೊದಲು ಬೆರಳು ಒತ್ತಬೇಕು. ಪರರಿಗೆ ಮೋಸ ಮಾಡಲು ಬಳಿಯುವವನಿಗೆ ಬುದ್ಧಿಯಾದರೂ ಇರುತ್ತದೆ. ತನಗೆ ತಾನೇ ಮೋಸ ಮಾಡಿಕೊಳ್ಳುವವನಿಗೆ ಏನೆನ್ನುವುದು?

ಸಂಪಗಾಂವದಲ್ಲಿರುವ ನಮ್ಮ ಅಕ್ಕನ ಗಂಡ, ನಾನು ಮಾವ ಎಂದು ಕರೆಯುವವರು, ಅಂಥವರು. ಹೋದ ಮಳೆಗಾಲದಲ್ಲಿ ಅವರ ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸು ನೋಡಲು ಹೋದೆ. ಬಾಣಂತಿಗೆ ಗಾಳಿ ತಾಗಬಾರದೆಂದು ಮಾವ ಕೋಣೆಯ ಕಿಟಕಿಯ ಸಂದುಗಳಿಗೆಲ್ಲ ಹೊಲದ ಹತ್ತಿ ತುರುಕಿ, ಮೇಲೆ ಹಸಿರು ಎಣ್ಣೆಬಣ್ಣ ಬಳಿದಿದ್ದರು. ಸಂದು ಕಂಡಲ್ಲೆಲ್ಲ ಹತ್ತಿ ತುರುಕುವುದು ನಮ್ಮ ಕಡೆಯವರ ಚಾಳಿ. ಹತ್ತಿ ನೀರು ಕುಡಿಯುತ್ತದೆ, ಕುಡಿದದ್ದನ್ನು ಕಟ್ಟಿಗೆಗೆ ಉಣಿಸುತ್ತದೆ ಎಂಬಷ್ಟೂ ತಿಳಿಯದೆ, ಅದನ್ನೇ ಬೆಳೆದು ಮುದುಕರಾದವರು. ಆ ಕಿಟಕಿಯ ಕೆಳಗೇ ಕೂಸಿನ ತೊಟ್ಟಿಲು.

ಗೋಡೆ ನೋಡಿದೆ. ಕಿಟಕಿಯ ಕೆಳಮೂಲೆಗಳಲ್ಲಿ ಸುಣ್ಣ ಉಬ್ಬಿ ಉದುರುತ್ತಿತ್ತು. ಕದವನ್ನು ಎತ್ತಿ ತಳ್ಳದೆ ಚಿಲಕ ಬೀಳುತ್ತಿರಲಿಲ್ಲ. ಅಂದರೆ ಚೌಕಟ್ಟು ಕುಸಿದಿದೆ. ಇಷ್ಟು ಕಂಡಮೇಲೂ ಬಣ್ಣದ ಡಬ್ಬಿ ತರುವವನು ಕುರುಡನೇ ಸೈ. ಗಾಡಿಯ ಕೀಲಿಕೈ ತೆಗೆದು ಕೆಳಗಿನ ಅಡ್ಡಪಟ್ಟಿಗೆ ಒತ್ತಿದೆ. ಕಳಿತ ಬಾಳೆಹಣ್ಣಿಗೆ ಹೊಕ್ಕಂತೆ ಹೊಕ್ಕಿತು.

“ಏ, ಏ! ನಮ್ಮಪ್ಪ ಹಾಕಿಸಿದ ಸಾಗವಾನಿ ಅದು!” ಎಂದು ಮಾವ ಎದ್ದು ಬಂದರು.

“ಸಾಗವಾನಿ ಎಂದೋ ಹೋಗೇತ್ರಿ ಮಾವಾ. ಈಗ ಬರೇ ಬಣ್ಣ ನಿಂತೈತಿ. ಮೊದಲ ತೊಟ್ಟಿಲಾ ಸರಸ್ರಿ.”

“ಹಳೇ ಕಟಗಿ ಮಾರಾಂವ ನೀ. ನಿನಗ ಎಲ್ಲಾರ ಮನಿ ಕಿಡಕಿನೂ ಕೆಟ್ಟಿದ್ದ ಕಾಣತಾವು.”

“ನಿಮ್ಮದನ್ನ ಪುಕ್ಕಟ ಕೊಟ್ರೂ ಒಯ್ಯೂದಿಲ್ರಿ. ಒಲಿಗೂ ಹತ್ತೂದಿಲ್ಲ ಅದು.”

ಅಕ್ಕ ನಡುವೆ ಬಾಯಿ ಹಾಕಿದಳು. “ಕಿಡಕಿ ಕಿತ್ತರ ಬಾಣಂತಿಗೆ ಗಾಳಿ ಬಡೀತೈತೋ ತಮ್ಮಾ. ಮಳಿಗಾಲ ಮುಗೀಲಿ, ಆಮ್ಯಾಲ ನೋಡೂಣು.”

ಕಬ್ಬಿಣದ ಸರಳುಗಳ ಸಮೇತ ಚೌಕಟ್ಟು ಕೂಸಿನ ಮೇಲೆ ಬೀಳುವ ಹಾಗಿದೆ; ಇವರಿಗೆ ಗಾಳಿಯ ಭಯ! ಇಂಥವರೊಡನೆ ವಾದಿಸಬಾರದು, ತೋರಿಸಬೇಕು. ಕೂಸು ಪಕ್ಕದ ಕೋಣೆಯಲ್ಲಿ ತಾಯಿಯ ತೊಡೆಯ ಮೇಲಿತ್ತು. ಸರಳು ಹಿಡಿದು ಮೆಲ್ಲಗೆ ಜಗ್ಗಿದೆ. ಇಡೀ ಕಿಟಕಿ ಗೋಡೆ ಬಿಟ್ಟು ಬೆರಳಷ್ಟು ಮುಂದೆ ಬಂತು. ಖಾಲಿ ತೊಟ್ಟಿಲ ತುಂಬ ಮಣ್ಣು.

“ಹುಷಾರೋ, ಬಣ್ಣ ಇನ್ನೂ ಹಸಿ ಐತಿ!” ಎಂದರು ಮಾವ.

ಸದ್ದಿಗೆ ಮಗಳು ಕೂಸನ್ನು ಎತ್ತಿಕೊಂಡೇ ಬಂದಳು. ತೊಟ್ಟಿಲು ನೋಡಿದಳು, ಕಿಟಕಿ ನೋಡಿದಳು. “ಯಪ್ಪಾ, ಬಡಿಗ್ಯಾರನ್ನ ಕರೀರಿ. ನಾ ಅಡಗಿಮನ್ಯಾಗ ಮಲಗತೇನಿ” ಎಂದಳಷ್ಟೇ. ನನ್ನ ಮಾತಿಗೆ ಬಗ್ಗದ ಮಾವ ಚಪ್ಪಲಿ ಮೆಟ್ಟಿದರು.

ಬಡಿಗೇರ ಬಂದು ಕೈಯಿಂದಲೇ ಅದನ್ನು ಕಿತ್ತು, ತೂತಿಗೆ ಮಳೆ ಹೊಗದಂತೆ ತಾಡಪತ್ರಿ ಕಟ್ಟಿ, ಮರುದಿನ ಹೊಸದನ್ನು ಕೂರಿಸಿದ. ಗಾರೆ ಗಟ್ಟಿಯಾದ ಮೇಲೆ ಮಗಳು ತಾನೇ ಸರಳು ಅಲುಗಿಸಿ ನೋಡಿ, ತೊಟ್ಟಿಲು ತಂದಿಟ್ಟು, ಕದ ತುಸು ತೆರೆದಳು.

“ಗಾಳಿ! ಗಾಳಿ!” ಎಂದು ಅಕ್ಕ ಕೂಗಿದಳು.

“ಬರ್ಲಿ ಬಿಡಬೇ” ಎಂದು ಅವಳು ಕೂಸನ್ನು ಮಲಗಿಸಿದಳು.