ಉರ್ದು ಬಿಟ್ಟ ಖಾಲಾ

ಓಣಿಗೆಲ್ಲ ಚಿಕ್ಕಮ್ಮನಾಗಿದ್ದ ಎದುರು ಮನೆಯ ರಜಿಯಾ ಖಾಲಾ ಉರ್ದುವಿನಲ್ಲಿ ಬೈಯಲು ನಿಂತರೆ ಇಳಕಲ್ಲಿನ ನಮ್ಮ ಓಣಿಯ ನಾಯಿಗಳೂ ಜಾಗ ಖಾಲಿ ಮಾಡುತ್ತಿದ್ದವು. ಅಂಥವರು ಒಂದು ದಿನ ಹೊಸ್ತಿಲು ಎಡವಿ, "ಯಾ ಅ..." ಎಂದು ಬಾಯಿ ತೆರೆದವರೇ ಸೆರಗು ಅಡ್ಡ ಹಿಡಿದು, "ಅಯ್ಯ ಯವ್ವಾ!" ಎಂದರು. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ನನ್ನ ಮಗನ ಸಲುವಾಗಿ ಅವರು ಉರ್ದು ಬಿಟ್ಟಿದ್ದರು.

ವಿನುವಿಗೆ ಆಗ ಎರಡೂವರೆ ದಾಟಿತ್ತು, ಬಾಯಲ್ಲಿ ಒಂದು ಮಾತಿಲ್ಲ. ಏನಾದರೂ ಬೇಕಾದರೆ ನನ್ನ ಕೈ ಹಿಡಿದು ಎಳೆಯುತ್ತಿದ್ದ. ನನಗೆ ತಿಳಿಯದಿದ್ದರೆ ನೆಲಕ್ಕೆ ಬಿದ್ದು ಚೀರುತ್ತಿದ್ದ. ನಾನೋ, ಹುನಗುಂದದ ಶಾಲೆಯಲ್ಲಿ ದಿನವಿಡೀ ಊರ ಮಕ್ಕಳ ಬಾಯಿ ಮುಚ್ಚಿಸಿ, ಸಂಜೆ ಬಂದು ಹೆತ್ತ ಮಗನ ಬಾಯಿ ಬಿಡಿಸಲು ಕೂರುತ್ತಿದ್ದೆ. "ಅವ್ವ ಅನ್ನು. ನೀರು ಅನ್ನು." ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ ಹೋದರೂ, "ಇನ್ನೂ ಮಾತಾಡಂಗಿಲ್ಲೇನ್ರಿ?" ಉತ್ತರ ಹೇಳಿ ಹೇಳಿ ಸಾಕಾಗಿ ಹೋಗಿತ್ತು.

ಅತ್ತೆಗೆ ಮೊಣಕಾಲು ನೋವು, ಹುಡುಗನ ಹಿಂದೆ ಓಡಲಾಗದು. ಹಾಗಾಗಿ ಹಗಲೆಲ್ಲ ಅವನು ಖಾಲಾ ಮನೆಯಲ್ಲೇ ಇರುತ್ತಿದ್ದ. ಒಂದು ದಿನ ಅತ್ತೆ ಅವರೆದುರಿಗೇ ಅಂದುಬಿಟ್ಟರು: "ಇಲ್ಲಿ ಕನ್ನಡ, ಅಲ್ಲಿ ಉರ್ದು. ಯಾವುದು ಹಿಡೀಬೇಕಂತ ಕೂಸಿಗೆ ತಿಳೀವಲ್ದು."

ನನಗೆ ನಾಚಿಕೆಯಿಂದ ಜೀವ ಹೋದಂತಾಯಿತು. ಖಾಲಾ ಮಾತ್ರ, "ಖರೆ ಅದ ನೋಡ್ರಿ. ನಂದೂ ಬಾಯಿ ಭಾಳ. ಇವತ್ತಿನಿಂದ ನಮ್ಮ ಮನ್ಯಾಗ ಉರ್ದು ಬಂದ್" ಎಂದರು.

ಬಂದ್ ಎಂದರೆ ಬಂದ್. ಸೀರೆ ನೇಯುವ ಅವರ ಗಂಡ ಚಹಾ ಬೇಕೆಂದರೂ ಕನ್ನಡದಲ್ಲೇ ಕೇಳಬೇಕು. "ಲಗ್ನ ಆದಾಗಿಂದ ಈಕಿ ಜೋಡಿ ಹಿಂಗ ಮಾತಾಡಿಲ್ರಿ. ಯಾರ್ದೋ ಹೆಂಡ್ತಿ ಜೋಡಿ ಮಾತಾಡಿದಂಗ ಆಗ್ತದ" ಎಂದು ಆ ಮುದುಕರು ನನ್ನ ಹತ್ತಿರ ದೂರಿದರು. ಕೆರೂರಿನ ಮಗಳು ಫೋನಿನಲ್ಲಿ ತಾಯಿಯ ಕನ್ನಡ ಕೇಳಿ, "ಯಾರ್ರೀ ನೀವು?" ಎಂದಳಂತೆ.

ಈ ನಡುವೆ ವಿನುವನ್ನು ಬಾಗಲಕೋಟೆಗೆ ಒಯ್ದು ಕಿವಿ ಪರೀಕ್ಷೆ ಮಾಡಿಸಿದೆವು. ಕಿವಿ ಸರಿಯಿತ್ತು. ಮಾತು ಕಲಿಸುವ ಮೇಡಂ, "ಎರಡು ಭಾಷಾ ಇದ್ದದ್ದಕ್ಕ ಮಾತು ತಡ ಆಗಂಗಿಲ್ರಿ. ಯಾವುದರಾಗರ ಆಗ್ಲಿ, ಕೂಸಿನ ಜೋಡಿ ಮಾತಾಡ್ರಿ" ಎಂದರು. ವಾರವಾರವೂ ಬರಲು ಹೇಳಿದರು. ಬಸ್ಸು, ಸರದಿ, ಮತ್ತೆ ಬಸ್ಸು. ಅಂಥ ಸುಸ್ತಿನಲ್ಲೂ ಆವತ್ತು ಇಳಿದವಳೇ ಮೊದಲು ಖಾಲಾ ಮನೆಗೆ ಹೋಗಿ ವಿಷಯ ಹೇಳಿದೆ.

"ಆ ಮೇಡಂ ಶ್ಯಾಣ್ಯಾಕಿ ಇದ್ದಾಳು" ಎಂದರು ಖಾಲಾ. "ಆದರ ಕೂಸು ಮಾತಾಡೂ ತನಕ ಉರ್ದು ಆಡಂಗಿಲ್ಲಂತ ನಾ ಬೇಡ್ಕೊಂಡು ಬಿಟ್ಟೇನಿ. ಕೂಸು ಒಂದ ಮಾತು ಆಡ್ಲಿ, ಆವತ್ತ ನಿಮ್ಮ ಅತ್ತಿಗೆ ಉರ್ದುದಾಗ ಹೊಟ್ಟಿ ತುಂಬ ಬೈತೇನಿ."

ನಮ್ಮ ಕಟ್ಟೆಯ ಮೇಲೆ ಕೂತಿದ್ದ ಅತ್ತೆ, "ಬೈಯವ್ವ, ಬೈಸ್ಕೋತೇನಿ. ಅಂವ ಮಾತಾಡ್ಲಿ ಸಾಕು" ಎಂದು ನಕ್ಕರು.

ಆ ದಿನ ಬರಲಿಲ್ಲ. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದ ಖಾಲಾ ಎದೆ ಹಿಡಿದುಕೊಂಡರು. ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಅಂಗಳದಲ್ಲಿ ಕಾಲು ಚಾಚಿ ಕೂತ ಅತ್ತೆ, "ನನಗ ಬೈಯೂದು ಬಿಟ್ಟು ಹೋದ್ಯಲ್ಲ ಯವ್ವಾ" ಎಂದು ಬಿಕ್ಕಿ ಬಿಕ್ಕಿ ಅತ್ತರು.

ಮುದುಕರನ್ನು ಮಗಳು ಕೆರೂರಿಗೆ ಕರೆದೊಯ್ದಳು. ಬಾಗಿಲಿಗೆ ಕೀಲಿ ಬಿತ್ತು. ವಿನುವನ್ನು ಬಿಡಲು ಜಾಗವಿಲ್ಲದೆ ನಾನು ಶಾಲೆಗೆ ರಜೆ ಹಾಕಿ ಮನೆಯಲ್ಲೇ ಉಳಿದೆ. ಹಾಗೊಂದು ದಿನ ಬಟ್ಟೆ ಒಣಹಾಕುತ್ತಿದ್ದಾಗ ಅವನು ಕಣ್ಣು ತಪ್ಪಿಸಿ ಓಣಿ ದಾಟಿ ಓಡಿದ. ಆ ಬಾಗಿಲಿಗೆ ಎರಡೂ ಕೈಯಿಂದ ಬಡಿದ.

"ಖಾಲಾ, ಬಾ."

ಹಸಿ ಬಟ್ಟೆ ನನ್ನ ಕೈಯಲ್ಲೇ ಉಳಿಯಿತು. ಆ ಮಾತಿಗಾಗಿ ನಾನು ಎಷ್ಟು ಕಾದಿದ್ದೆ, ಅವರೆಷ್ಟು ಕಾದಿದ್ದರು! ವಿನು ಬಾಗಿಲಿಗೆ ಕಿವಿ ಹಚ್ಚಿ ನಿಂತ. ಒಳಗೆ ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೂ ಗಟ್ಟಿಯಾಗಿ ಕೂಗಿದ.